ಗೃಹಕೃತ್ಯ: ಕೈತೋಟದ ಮೊದಲ ನೂರು ದಿನಗಳು

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಮ್ಮ ಹಿರಿಯರು ಬಹುಕಾಲದಿಂದ ಆಡುತ್ತ ಬಂದಿದ್ದಾರೆ. ಕೈಗೆ ಹತ್ತಿರವಿರುವ ವಸ್ತುವಿನ ಬೆಲೆಯು ಮನುಷ್ಯನಿಗೆ ತಿಳಿಯದೆಂಬುದು ಅದರ ತಾತ್ಪರ್ಯ. ಆದರೆ ಪಟ್ಟಣವಾಸಿಗಳಾದ ಗೃಹಸ್ಥರಲ್ಲಿ ಅನೇಕರಿಗೆ ಈಗ ಆ ಗಾದೆಯನ್ನು ಆಡುವ ಅವಕಾಶವೂ ಉಳಿದಿಲ್ಲ. ಹಲವರಿಗೆ ಹಿತ್ತಲೇ ಇಲ್ಲ. ಉಳ್ಳವರಲ್ಲಿ ಹಲವರು ಅದನ್ನು ಮುರುಕು ಸಾಮಾನಿನ ಉಗ್ರಾಣವಾಗಿ ಮಾಡಿಕೊಂಡಿದ್ದಾರೆ. ಇನ್ನು ಕೆಲವರು ಕಲ್ಲು ಹಾಸಿ, ಮಣ್ಣೇ ಕಾಣದಂತೆ ಮುಚ್ಚಿದ್ದಾರೆ. ಒಂದು ಹಿಡಿ ಕೊತ್ತಂಬರಿ ಸೊಪ್ಪಿಗೂ ಅಂಗಡಿಯ ದಾರಿಯನ್ನು ನೋಡಬೇಕಾದ ಸಂಸಾರಗಳೇ ಈಗ ಹೆಚ್ಚು.

ಆದುದರಿಂದ ಇದುವರೆಗೆ ಗುದ್ದಲಿಯನ್ನು ಮುಟ್ಟದ ಗೃಹಸ್ಥರೂ ಗೃಹಿಣಿಯರೂ ಮನೆಯ ಬಳಿಯಲ್ಲಿ ಸೊಪ್ಪು, ತರಕಾರಿ, ಮದ್ದಿನ ಗಿಡಗಳನ್ನು ಬೆಳೆಯಲು ತೊಡಗುವ ಕ್ರಮವನ್ನು ಈ ತಿಂಗಳು ಹೇಳಬೇಕೆಂದಿದ್ದೇವೆ. ಬೆಂಗಳೂರು, ಮೈಸೂರು, ತುಮಕೂರುಗಳ ಕಡೆಯ ಹವೆಯನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ಕರಾವಳಿಯವರೂ ಉತ್ತರದ ಎರೆಭೂಮಿಯವರೂ ಮಾಡಿಕೊಳ್ಳಬೇಕಾದ ವ್ಯತ್ಯಾಸಗಳನ್ನು ಅಲ್ಲಲ್ಲಿ ಸೂಚಿಸುವೆವು.

ಪ್ರಯೋಜನವೇನು?

ಕೈತೋಟದಿಂದ ಹಣ ಉಳಿಯುವುದೆ ಎಂಬುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಉಳಿಯದೆ ಇಲ್ಲ, ಆದರೆ ಮೊದಲ ವರ್ಷದಲ್ಲಿ ಉಳಿಯುವುದು ಅಲ್ಪ. ಹಣವೊಂದನ್ನೇ ಎಣಿಸುವವರು ಈ ಕೆಲಸಕ್ಕೆ ಕೈಹಾಕಿದರೆ ಬೇಗನೆ ಬೇಸರಗೊಳ್ಳುವರು. ನಿಜವಾದ ಲಾಭಗಳು ಬೇರೆ ಎರಡುಂಟು.

ಮೊದಲನೆಯದು ಆರೋಗ್ಯ. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ದೇಶದ 15ರಿಂದ 49 ವರ್ಷ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಇದಕ್ಕೆ ಕಾರಣಗಳು ಹಲವು. ಸೊಪ್ಪೊಂದರಿಂದಲೇ ಅದು ಪರಿಹಾರವಾಗುವುದೆಂದು ಹೇಳುವವರ ಮಾತು ನಂಬತಕ್ಕದ್ದಲ್ಲ. ವೈದ್ಯರಿಗೆ ತೋರಿಸಿ ಅವರು ಹೇಳಿದ ಔಷಧವನ್ನು ತೆಗೆದುಕೊಳ್ಳಲೇಬೇಕು. ಆದರೆ ಅನ್ನವೇ ಹೆಚ್ಚಾಗಿ ಪಲ್ಯವು ಹೆಸರಿಗೆ ಮಾತ್ರವಿರುವ ಊಟವು ಯಾರಿಗೂ ಹಿತವಲ್ಲ. ಒಬ್ಬೊಬ್ಬರೂ ದಿನಕ್ಕೆ 400 ಗ್ರಾಮಿಗೆ ಕಡಮೆಯಿಲ್ಲದಂತೆ ಹಣ್ಣು ತರಕಾರಿಗಳನ್ನು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಕುಳಿತು ಉಣ್ಣುವ ಗೃಹಿಣಿಯ ಎಲೆಯಲ್ಲಿ ಪಲ್ಯದ ಪಾಲು ಎಷ್ಟು ಉಳಿದಿರುತ್ತದೆಂಬುದನ್ನು ಮನೆಯ ಗಂಡಸರು ಒಮ್ಮೆಯಾದರೂ ನೋಡತಕ್ಕದ್ದು. ಹಿತ್ತಲಲ್ಲಿ ದಂಟಿನ ಸೊಪ್ಪು ಬೆಳೆದಿದ್ದರೆ ಇನ್ನೊಂದು ಹಿಡಿ ಕೊಯ್ಯುವುದಕ್ಕೆ ಯಾರೂ ಲೆಕ್ಕ ಹಾಕುವುದಿಲ್ಲ. ಕೈತೋಟದ ದೊಡ್ಡ ಉಪಕಾರವೆಂದರೆ ಇದೇ ಎಂದು ನಮ್ಮ ಅಭಿಪ್ರಾಯ.

ಎರಡನೆಯದು ಶುದ್ಧಿ. ದೊಡ್ಡ ಪಟ್ಟಣಗಳ ಸುತ್ತ ಚರಂಡಿಯ ನೀರಿನಿಂದ ಬೆಳೆದ ಸೊಪ್ಪು ಪೇಟೆಗೆ ಬರುವುದುಂಟು. ಕಾರ್ಖಾನೆಗಳ ಕೊಳೆ ಸೇರಿದ ನೀರಾದರೆ ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳು ಬೇರಿನಿಂದ ಎಲೆಗೆ ಏರುತ್ತವೆ. ಚೆನ್ನಾಗಿ ತೊಳೆದು ಬೇಯಿಸಿದರೆ ರೋಗಾಣುಗಳು ಹೋಗಬಹುದು. ಎಲೆಯೊಳಗೆ ಸೇರಿದ ಲೋಹವು ಹೋಗದು. ಯಾವ ನೀರನ್ನು ಹಾಕಿದೆ, ಯಾವ ಔಷಧಿಯನ್ನು ಸಿಂಪಡಿಸಿದೆ ಎಂಬುದು ಕೊಳ್ಳುವವನಿಗೆ ತಿಳಿಯುವುದಿಲ್ಲ, ಬೆಳೆದವನಿಗೆ ತಿಳಿದಿರುತ್ತದೆ. ಮಕ್ಕಳಿರುವ ಮನೆಯಲ್ಲಿ ಈ ತಿಳಿವಳಿಕೆಯ ಬೆಲೆ ಕಡಮೆಯಲ್ಲ.

ತೋಟಗಳು ಕೆಡುವುದೇಕೆ?

ಇಷ್ಟು ಪ್ರಯೋಜನವಿದ್ದೂ ಅನೇಕ ಕೈತೋಟಗಳು ಎರಡು ತಿಂಗಳು ತುಂಬುವ ಮೊದಲೇ ಹಾಳಾಗುತ್ತವೆ. ಉತ್ಸಾಹದ ಮೊದಲ ವಾರದಲ್ಲಿ ಹತ್ತು ಬಗೆಯ ಬೀಜಗಳನ್ನು ತಂದು, ಅಂಗಳವನ್ನೆಲ್ಲ ಅಗೆದು, ಒಂದೇ ದಿನ ಬಿತ್ತುವರು. ಮೂರನೆಯ ವಾರದಲ್ಲಿ ಕಳೆಯೇಳುವುದು. ನಾಲ್ಕನೆಯ ವಾರದಲ್ಲಿ ಹುಳು ಬೀಳುವುದು. ಐದನೆಯ ವಾರದಲ್ಲಿ ನೆಂಟರ ಮನೆಯ ಮದುವೆಗೆ ಹೋಗಿ ಮೂರು ದಿನ ನೀರು ತಪ್ಪುವುದು. ಆರನೆಯ ವಾರದಲ್ಲಿ ತೋಟದ ಕಡೆಗೆ ನೋಡುವವರೇ ಇರುವುದಿಲ್ಲ. ಬೀಜವೂ ಮಣ್ಣೂ ಇದಕ್ಕೆ ಹೊಣೆಯಲ್ಲ. ಆರಂಭವು ದೊಡ್ಡದಾದುದೇ ಕಾರಣ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ನಾಲ್ಕಡಿ ಅಗಲ, ಹತ್ತಡಿ ಉದ್ದದ ಒಂದೇ ಒಂದು ಮಡಿಯಿಂದ ಆರಂಭಿಸಿರಿ. ನಾಲ್ಕಡಿಯೆಂದು ಹೇಳುವುದಕ್ಕೆ ಕಾರಣವುಂಟು: ಎರಡು ಪಕ್ಕಗಳಿಂದ ಎರಡೆರಡು ಅಡಿ ಕೈ ಚಾಚಿದರೆ ಮಡಿಯ ನಡುವಿನವರೆಗೂ ಕೈ ಮುಟ್ಟುವುದು, ಒಳಗೆ ಕಾಲಿಡುವ ಪ್ರಸಂಗವೇ ಬಾರದು. ತುಳಿದ ಮಣ್ಣು ಬಿಗಿಯಾಗಿ ಬೇರಿಗೆ ಗಾಳಿಯಾಡದು. ಗೋಡೆಗೆ ಸೇರಿಕೊಂಡ ಮಡಿಯಾದರೆ ಅಗಲವು ಎರಡಡಿಯೇ ಸಾಕು. ಈ ಒಂದು ಮಡಿಯನ್ನು ನೂರು ದಿನ ತಪ್ಪದೆ ನೋಡಿಕೊಂಡವರು ಅನಂತರ ಎರಡನೆಯದನ್ನು ಅಗೆಯಲಿ.

ಸ್ಥಳ ಮತ್ತು ಮಣ್ಣು

ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಆರು ಗಂಟೆಯ ಬಿಸಿಲು ಬೇಕು. ಸೊಪ್ಪಿಗೆ ನಾಲ್ಕು ಗಂಟೆಯಾದರೂ ಸಾಗುತ್ತದೆ. ಒಂದು ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಸಲ ಹೋಗಿ ನೆರಳು ಎಲ್ಲಿ ಬೀಳುವುದೆಂದು ನೋಡಿಕೊಂಡ ಮೇಲೆಯೇ ಸ್ಥಳವನ್ನು ನಿಶ್ಚಯಿಸಿರಿ. ಹಳೆಯ ಬಣ್ಣದ ಚಕ್ಕೆಗಳು ಉದುರಿದ ಗೋಡೆಯ ಬುಡವೂ ಚರಂಡಿಯ ಪಕ್ಕವೂ ಆಗದು.

ಹಿತ್ತಲಿಲ್ಲದವರು ಮಹಡಿಯ ಮೇಲೆ ಕುಂಡಗಳಲ್ಲಿ ಬೆಳೆಯಬಹುದು. ಆದರೆ ಒಂದು ಘನ ಅಡಿ ಒದ್ದೆ ಮಣ್ಣು ಸುಮಾರು 45ರಿಂದ 50 ಕಿಲೋಗ್ರಾಂ ತೂಗುವುದೆಂಬುದನ್ನು ಮರೆಯಬಾರದು. ಇಪ್ಪತ್ತು ದೊಡ್ಡ ಕುಂಡಗಳನ್ನು ಒಂದೆಡೆ ಒಟ್ಟಿದರೆ ಚಾವಣಿಗೆ ಒಂದು ಸಾವಿರ ಕಿಲೋಗ್ರಾಮಿನ ಹೊರೆಯಾದೀತು. ಕುಂಡಗಳನ್ನು ತೊಲೆಗೋಡೆಗಳ ಮೇಲೆ ಬರುವಂತೆ ಅಂಚಿನಲ್ಲಿ ಸಾಲಾಗಿಡಬೇಕು. ಹಳೆಯ ಮನೆಯಾದರೆ ತಿಳಿದವರನ್ನು ಕೇಳಬೇಕು. ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಈ ಮೂರನ್ನು ಸಮವಾಗಿ ಬೆರಸಿದರೆ ಭಾರವು ಕಡಮೆಯಾಗುವುದು. ಸೊಪ್ಪಿಗೆ ಎಂಟು ಅಂಗುಲ ಆಳವೂ ಬದನೆ ಬೆಂಡೆಗಳಿಗೆ ಒಂದಡಿಗೆ ಕಡಮೆಯಿಲ್ಲದ ಆಳವೂ ಬೇಕು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಿರಿ. ಡೆಂಗೆ ಜ್ವರವನ್ನು ಹರಡುವ ಸೊಳ್ಳೆಯು ಅಂಥ ನೀರಿನಲ್ಲಿಯೇ ಮರಿಯಾಗುತ್ತದೆ.

ನೆಲದ ಮಡಿಯನ್ನು ಒಂದಡಿ ಆಳ ಅಗೆದು, ಕಲ್ಲು, ಗರಿಕೆಯ ಬೇರುಗಳನ್ನು ಆರಿಸಿ, ಒಂದು ವಾರ ಬಿಸಿಲಿಗೆ ಬಿಡಬೇಕು. ಅನಂತರ ಸುಮಾರು 20 ಕಿಲೋಗ್ರಾಂ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಅರ್ಧ ಕಿಲೋಗ್ರಾಂ ಬೇವಿನ ಹಿಂಡಿಯನ್ನೂ ಬೆರಸಿ ಸಮಮಾಡಬೇಕು. ಹಸಿಯ ಸಗಣಿಯನ್ನು ಹಾಕಲಾಗದು. ಅದು ಬೇರನ್ನು ಸುಡುವುದಲ್ಲದೆ ಗೊಬ್ಬರದ ಹುಳುವನ್ನೂ ರೋಗಾಣುಗಳನ್ನೂ ಮಡಿಗೆ ತರುವುದು. ನಮ್ಮ ಕೆಂಪು ಮಣ್ಣು ನೀರನ್ನು ಬೇಗ ಬಿಟ್ಟುಬಿಡುವುದಾದುದರಿಂದ ಪ್ರತಿ ಬೆಳೆಗೂ ಗೊಬ್ಬರ ಬೇಕು. ಎರೆಭೂಮಿಯವರು ಮಣ್ಣು ಒದ್ದೆಯಾಗಿರುವಾಗ ಅಗೆಯಬಾರದು. ಹೆಂಟೆಗಳು ಕಟ್ಟಿ ಕಲ್ಲಿನಂತಾಗುವುವು. ಕರಾವಳಿಯವರು ಮಳೆಗಾಲದಲ್ಲಿ ಮಡಿಯನ್ನು ಒಂದಡಿ ಎತ್ತರಿಸಿ ನೀರು ಹರಿದುಹೋಗುವಂತೆ ಮಾಡಬೇಕು. ಒಲೆಯ ಬೂದಿಯು ಅಲ್ಲಿಯ ಹುಳಿಮಣ್ಣಿಗೆ ಒಳ್ಳೆಯದು. ಅದೇ ಬೂದಿಯು ಸಹಜವಾಗಿ ಕ್ಷಾರವುಳ್ಳ ಎರೆಮಣ್ಣಿಗೆ ಒಳ್ಳೆಯದಲ್ಲ.

ಗೊಬ್ಬರವನ್ನು ಕೊಳ್ಳುತ್ತಲೇ ಇರುವ ಅಗತ್ಯವಿಲ್ಲ. ಮೂರಡಿ ಉದ್ದ, ಅಗಲ, ಆಳದ ಒಂದು ಗುಂಡಿಯನ್ನು ತೋಡಿ, ಒಣಗಿದ ಎಲೆ ಎರಡು ಪಾಲು, ತರಕಾರಿಯ ಸಿಪ್ಪೆ ಮುಂತಾದ ಹಸಿ ಕಸ ಒಂದು ಪಾಲು, ಹೀಗೆ ಪದರ ಪದರವಾಗಿ ಹಾಕುತ್ತ, ಸಗಣಿಯ ನೀರನ್ನು ಚಿಮುಕಿಸಿ, ಹದಿನೈದು ದಿನಕ್ಕೊಮ್ಮೆ ಮಗುಚಬೇಕು. ನಾರುವುದಾದರೆ ಒಣ ಎಲೆ ಸಾಲದೆಂದು ತಿಳಿಯಬೇಕು. ಕೊಳೆಯದೆ ಹಾಗೆಯೇ ಇದ್ದರೆ ತೇವ ಸಾಲದೆಂದು ತಿಳಿಯಬೇಕು. ಸುಮಾರು ಮೂರು ತಿಂಗಳಲ್ಲಿ ಅದು ಕಪ್ಪಾಗಿ, ಬಿಸಿ ಆರಿ, ಮಳೆ ಬಿದ್ದ ಕಾಡಿನ ಮಣ್ಣಿನ ವಾಸನೆಯನ್ನು ಕೊಡುವುದು. ಆಗ ಅದು ಗೊಬ್ಬರ.

ಮೊದಲ ತಿಂಗಳು: ಸೊಪ್ಪು

ಮೊದಲಿಗರು ಸೊಪ್ಪಿನಿಂದಲೇ ಆರಂಭಿಸಬೇಕು. ಇಪ್ಪತ್ತೈದು ಮೂವತ್ತು ದಿನಗಳಲ್ಲಿ ಅಡಿಗೆಮನೆಗೆ ಬರುವ ಬೆಳೆಯು ಹೊಸಬರ ಧೈರ್ಯವನ್ನು ಕಾಪಾಡುತ್ತದೆ. ಬದನೆಯೊಂದನ್ನೇ ನಂಬಿದವರು ಮೂರು ತಿಂಗಳು ಕಾಯಬೇಕಾಗುವುದು.

ಮಡಿಯನ್ನು ಎರಡೂವರೆ ಅಡಿಯ ನಾಲ್ಕು ಭಾಗಗಳನ್ನಾಗಿ ಮಾಡಿರಿ. ವಾರಕ್ಕೊಂದು ಭಾಗದಂತೆ ಬಿತ್ತಿರಿ. ಎಲ್ಲವನ್ನೂ ಒಂದೇ ದಿನ ಬಿತ್ತಿದರೆ ಎಲ್ಲವೂ ಒಂದೇ ವಾರ ಬಂದು, ಅರ್ಧವು ಬಲಿತು ಹಾಳಾಗುವುದು. ವಾರಕ್ಕೊಂದರಂತೆ ಬಿತ್ತಿದರೆ ಒಂದನೆಯ ಭಾಗವನ್ನು ಕಿತ್ತು ಮತ್ತೆ ಬಿತ್ತುವ ಹೊತ್ತಿಗೆ ಎರಡನೆಯದು ಸಿದ್ಧವಾಗಿರುವುದು.

ಮೊದಲ ವಾರ ಮೆಂತ್ಯ. ಅಡಿಗೆಯ ಮೆಂತ್ಯವನ್ನೇ ರಾತ್ರಿ ನೆನೆಹಾಕಿ, ಬೆಳಿಗ್ಗೆ ಗೆರೆ ಎಳೆದು ಅರ್ಧ ಅಂಗುಲ ಆಳದಲ್ಲಿ ಬಿತ್ತಿದರೆ ಮೂರು ನಾಲ್ಕು ದಿನಗಳಲ್ಲಿ ಮೊಳೆಯುವುದು. ಎರಡನೆಯ ವಾರ ದಂಟು. ಕರಾವಳಿಯವರು ಇದರ ಬಗೆಗಳನ್ನೇ ಹರಿವೆಯೆನ್ನುವರು. ಬೀಜವು ಸಾಸಿವೆಗಿಂತ ಸಣ್ಣದಾದುದರಿಂದ ನಾಲ್ಕರಷ್ಟು ಮರಳಿನಲ್ಲಿ ಬೆರಸಿ ಎರಚಿ, ತೆಳ್ಳಗೆ ಮಣ್ಣು ಮುಚ್ಚಬೇಕು. 1967ರಲ್ಲಿ ಸ್ಥಾಪಿತವಾದ, ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದ ಅರ್ಕಾ ಸುಗುಣವೆಂಬ ತಳಿಯನ್ನು ಬುಡಸಹಿತ ಕೀಳದೆ ಹಲವು ಸಲ ಕೊಯ್ಯಬಹುದು. ಮೂರನೆಯ ವಾರ ಪಾಲಕ್. ಇದನ್ನೂ ಹೊರಗಿನ ಎಲೆಗಳನ್ನು ಮಾತ್ರ ಕೊಯ್ಯುತ್ತ ಬಹುದಿನ ಉಳಿಸಬಹುದು.

ನಾಲ್ಕನೆಯ ವಾರ ಕೊತ್ತಂಬರಿ. ಕೊತ್ತಂಬರಿಯ ಒಂದು ಕಾಳೆಂದು ನಾವು ಹೇಳುವುದು ವಾಸ್ತವವಾಗಿ ಎರಡು ಬೀಜಗಳ ಜೋಡಿ. ಅದನ್ನು ಅಂಗೈಯಿಂದ ಮೆಲ್ಲಗೆ ಉಜ್ಜಿ ಹೋಳುಮಾಡಿ, ಹನ್ನೆರಡು ಗಂಟೆ ನೆನೆಸಿ ಬಿತ್ತಬೇಕು. ಮೊಳೆಯಲು ಎಂಟರಿಂದ ಹದಿನೈದು ದಿನ ಹಿಡಿಯುವುದು. ಮೊಳೆಯಲಿಲ್ಲವೆಂದು ಆರನೆಯ ದಿನ ಮಣ್ಣನ್ನು ಕೆದಕಿ ನೋಡುವವರಿಗೆ ಕೊತ್ತಂಬರಿಯು ಎಂದಿಗೂ ಬಾರದು. ಬಿರುಬೇಸಗೆಯಲ್ಲಿ ಇದು ಎಲೆ ಬಿಡುವ ಮೊದಲೇ ಹೂವಿಗೆ ಏರುವುದಾದುದರಿಂದ ಆಗ ಅರ್ಧ ನೆರಳಿನಲ್ಲಿ ಬೆಳೆಯಬೇಕು. ಅಂಗಡಿಯ ಪೊಟ್ಟಣದಲ್ಲಿ ಬರುವ, ಕೆಂಪು ಅಥವಾ ಹಸುರು ಬಣ್ಣ ಬಳಿದ ಬೀಜಗಳಿಗೆ ವಿಷದ ಲೇಪವಿರುತ್ತದೆ; ಅವನ್ನು ಅಡಿಗೆಮನೆಯಲ್ಲಿ ಇಡಲೇಕೂಡದು.

ಎರಡನೆಯ ಮತ್ತು ಮೂರನೆಯ ತಿಂಗಳು: ಕಾಯಿ

ಸೊಪ್ಪನ್ನು ಕೊಯ್ದು ಕೈ ಪಳಗಿದ ಮೇಲೆ ಬೆಂಡೆಯನ್ನು ಹಿಡಿಯಬೇಕು. ಬೀಜವನ್ನು ರಾತ್ರಿ ನೆನೆಸಿ, ಒಂದೂವರೆ ಅಡಿಯ ಸಾಲುಗಳಲ್ಲಿ ಅಡಿಗೊಂದರಂತೆ ನೇರವಾಗಿ ಮಡಿಯಲ್ಲಿಯೇ ಊರಬೇಕು. ಸುಮಾರು ನಲವತ್ತೈದು ದಿನಗಳಲ್ಲಿ ಹೂ ಬಂದು, ಐವತ್ತನೆಯ ದಿನದಿಂದ ಕಾಯಿ ಸಿಕ್ಕುವುದು. ನಾಲ್ವರ ಸಂಸಾರಕ್ಕೆ ಹದಿನೈದು ಗಿಡ ಸಾಕು. ತುದಿಯನ್ನು ಬಗ್ಗಿಸಿದರೆ ಪಟ್ಟನೆ ಮುರಿಯುವ ಎಳೆಯ ಕಾಯನ್ನು ಎರಡು ದಿನಕ್ಕೊಮ್ಮೆ ಕೊಯ್ಯಬೇಕು. ಒಂದೆರಡು ಕಾಯಿ ಬಲಿತು ಉಳಿದರೂ ಗಿಡವು ತನ್ನ ಕೆಲಸ ಮುಗಿಯಿತೆಂದು ಹೂ ಬಿಡುವುದನ್ನು ಕಡಮೆಮಾಡುವುದು.

ಬದನೆ, ಮೆಣಸಿನಕಾಯಿ, ಟೊಮೇಟೊಗಳನ್ನು ಮೊದಲು ಒಟ್ಲು ಪಾತಿಯಲ್ಲಿ ಸಸಿಮಾಡಿಕೊಳ್ಳಬೇಕು. ಅಗಲವಾದ ಒಂದು ಕುಂಡವೇ ಪಾತಿಯಾದೀತು. ನೀರು ಹೆಚ್ಚಾದರೆ ಸಸಿಯ ಬುಡವು ಕೊಳೆತು ಮಲಗುವುದು. ಟೊಮೇಟೊ 25 ದಿನಕ್ಕೆ, ಬದನೆ 30 ದಿನಕ್ಕೆ, ಮೆಣಸು 40 ದಿನಕ್ಕೆ ನಾಟಿಗೆ ಬರುವುವು. ಬಿಸಿಲು ಇಳಿದ ಮೇಲೆ ಕಿತ್ತು ನೆಟ್ಟು, ಎರಡು ದಿನ ನೆರಳು ಮಾಡಿರಿ. ಈ ಮೂರೂ ಆಲೂಗಡ್ಡೆಯೊಡನೆ ಒಂದೇ ಕುಲಕ್ಕೆ ಸೇರಿದುವು; ಒಂದರ ರೋಗವು ಇನ್ನೊಂದಕ್ಕೆ ತಗಲುವುದು. ಆದುದರಿಂದ ಒಂದನ್ನು ಕಿತ್ತ ಜಾಗದಲ್ಲಿಯೇ ಇನ್ನೊಂದನ್ನು ನೆಡಬೇಡಿರಿ. ನಡುವೆ ಅಲಸಂದೆಯನ್ನೋ ಸೊಪ್ಪನ್ನೋ ಹಾಕಿರಿ.

ಬಳ್ಳಿಗಳ ವಿಷಯದಲ್ಲಿ ಹೊಸಬರು ಒಂದೇ ಬಗೆಯಾಗಿ ದುಃಖಪಡುವರು: ಹೂವೆಲ್ಲ ಉದುರಿತು, ಕಾಯಿ ಕಚ್ಚಲಿಲ್ಲ ಎಂದು. ಕುಂಬಳ, ಸೋರೆ, ಹೀರೆ, ಹಾಗಲ, ಸೌತೆಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಸಾಮಾನ್ಯವಾಗಿ ಮೊದಲು ಬರುವುವೆಲ್ಲ ಗಂಡು ಹೂಗಳು. ಅವು ಉದುರುವುದು ಸಹಜ. ಹೂವಿನ ಹಿಂದೆ ಸಣ್ಣ ಕಾಯಿಯ ಆಕಾರವಿದ್ದರೆ ಅದು ಹೆಣ್ಣು. ಜೇನು ಬಾರದ ಮಹಡಿಗಳಲ್ಲಿ ಗಂಡು ಹೂವನ್ನು ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ತೀಡಬೇಕು. ಕುಂಬಳ ಹಾಗಲಗಳಿಗೆ ಇದನ್ನು ಬೆಳಗಿನ ಜಾವದಲ್ಲಿಯೂ, ಸೋರೆ ಹೀರೆಗಳಿಗೆ ಹೊತ್ತು ಮುಳುಗುವ ವೇಳೆಯಲ್ಲಿಯೂ ಮಾಡಬೇಕು. ಆಯಾ ಹೂಗಳು ಅರಳುವ ಹೊತ್ತೇ ಅದು. ಬೆಂಗಳೂರಿನ ತಂಪಿಗೆ ಸೀಮೆಬದನೆಯ ಬಳ್ಳಿಯೂ ಚೆನ್ನಾಗಿ ಒಗ್ಗುತ್ತದೆ. 1874ರಿಂದ 1908ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ಎಂಬವರು ಇದನ್ನು ಇಲ್ಲಿಗೆ ತಂದರೆಂದು ಪ್ರಸಿದ್ಧಿ. ಇದರ ಬೀಜವನ್ನು ಬೇರ್ಪಡಿಸಬಾರದು. ಮೊಳಕೆಯೊಡೆದ ಇಡೀ ಕಾಯನ್ನೇ ನೆಡಬೇಕು.

ಅವರೆಯನ್ನು ಮರೆತರೆ ನಮ್ಮ ಸೀಮೆಯ ಕೈತೋಟವು ಕೈತೋಟವೇ ಅಲ್ಲ. ಆದರೆ ಸೊಗಡಿನ ನಾಟಿ ಅವರೆಯು ಹಗಲು ಕಿರಿದಾಗದೆ ಹೂ ಬಿಡದು. ಯುಗಾದಿಯಲ್ಲಿ ಬಿತ್ತಿದವರಿಗೆ ಬರಿಯ ಎಲೆಯೇ ದೊರೆಯುವುದು. ಆರಿದ್ರೆಯ ಮಳೆಯಲ್ಲಿ, ಎಂದರೆ ಜೂನ್ ಕೊನೆಯ ವಾರದಲ್ಲಿ, ಬಿತ್ತಿದರೆ ಸಂಕ್ರಾಂತಿಯ ಸುಮಾರಿಗೆ ಕಾಯಿ ಕೈಗೆ ಬರುವುದು. ಕೃಷಿ ವಿಶ್ವವಿದ್ಯಾನಿಲಯದವರ ಹೆಬ್ಬಾಳ ಅವರೆಯ ತಳಿಗಳಿಗೆ ಈ ನಿರ್ಬಂಧವಿಲ್ಲ. ಅವನ್ನು ಇತರ ಕಾಲದಲ್ಲಿಯೂ ಬೆಳೆಯಬಹುದು.

ಮದ್ದಿನ ಮತ್ತು ಪರಿಮಳದ ಗಿಡಗಳು

ತುಳಸಿ, ದೊಡ್ಡಪತ್ರೆ, ಪುದೀನ, ಒಂದೆಲಗ, ಮಜ್ಜಿಗೆ ಹುಲ್ಲು, ಕರಿಬೇವು, ಶುಂಠಿ ಈ ಏಳು ಒಂದು ಸಂಸಾರಕ್ಕೆ ಧಾರಾಳವಾಗಿ ಸಾಕು. ಪೇಟೆಯಿಂದ ತಂದ ಪುದೀನದ ಕಡ್ಡಿಯನ್ನು ನೀರಿನಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಬೇರು ಬಿಡುವುದು. ಅದನ್ನು ಕುಂಡದಲ್ಲಿಯೇ ನೆಡಿರಿ, ಮಡಿಗೆ ಬಿಟ್ಟರೆ ಎಲ್ಲವನ್ನೂ ಆಕ್ರಮಿಸುವುದು. ದೊಡ್ಡಪತ್ರೆಗೆ ಒಂದು ರೆಂಬೆಯೇ ಸಾಕು. ಒಂದೆಲಗಕ್ಕೆ ತೇವವೂ ಅರ್ಧ ನೆರಳೂ ಬೇಕು. ಕರಿಬೇವಿನ ಬೀಜವು ಬಹುಬೇಗ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದರಿಂದ ಹಣ್ಣಾದ ಕೂಡಲೆ ಬಿತ್ತಬೇಕು; ಮೊದಲ ವರ್ಷ ಎಲೆ ಕೀಳಬಾರದು. ಶುಂಠಿಯ ಎರಡು ಕಣ್ಣುಳ್ಳ ತುಂಡನ್ನು ಮೇ ಜೂನ್ ತಿಂಗಳಲ್ಲಿ ಹೂತು, ಎಲೆ ಒಣಗಿದ ಮೇಲೆ, ಸುಮಾರು ಎಂಟು ತಿಂಗಳಿಗೆ, ಅಗೆಯಬೇಕು.

ಸಣ್ಣಪುಟ್ಟ ಶೀತ ಕೆಮ್ಮುಗಳಿಗೆ ಈ ಗಿಡಗಳ ಕಷಾಯವು ಹಿತವಾಗಿರಬಹುದು. ಆದರೆ ಜ್ವರವು ಮೂರು ದಿನ ಬಿಡದಿದ್ದರೆ, ಮಗುವು ಸುಸ್ತಾದರೆ, ಗಿಡವನ್ನು ನಂಬಿ ಕುಳಿತುಕೊಳ್ಳುವುದು ಅವಿವೇಕ. ಮಡಿಯಲ್ಲಿ ತಾನಾಗಿ ಹುಟ್ಟಿದ ಗಿಡವನ್ನು ಗುರುತು ಸಿಕ್ಕದೆ ಅಡಿಗೆಗೆ ಹಾಕಬಾರದು. ಕಳೆಯಾಗಿ ಬರುವ ಉಮ್ಮತ್ತಿಯು ಪ್ರಾಣಕ್ಕೇ ಅಪಾಯ.

ನೀರು

ನಮ್ಮ ನಾಲ್ಕಡಿ ಹತ್ತಡಿಯ ಮಡಿಗೆ ಬೇಸಗೆಯಲ್ಲಿ ದಿನಕ್ಕೆ 18ರಿಂದ 20 ಲೀಟರು, ಎಂದರೆ ಸಣ್ಣ ಬಕೆಟ್ಟಿನಲ್ಲಿ ಎರಡು, ನೀರು ಬೇಕು; ತಂಪು ದಿನಗಳಲ್ಲಿ ಎರಡು ದಿನಕ್ಕೊಮ್ಮೆ ಸಾಕು. ಮಣ್ಣಿನಲ್ಲಿ ಬೆರಳನ್ನು ಎರಡು ಗೆಣ್ಣು ಇಳಿಸಿ ನೋಡಿರಿ. ತುದಿಗೆ ತೇವ ತಗಲಿದರೆ ಅಂದು ನೀರು ಬೇಡ. ಬೆಳಗಿನ ಹೊತ್ತು, ಬುಡಕ್ಕೆ, ನಿಧಾನವಾಗಿ ಹನಿಸುವುದು ಉತ್ತಮ. ಒಣ ಎಲೆಯನ್ನು ಎರಡು ಅಂಗುಲ ಹರಡಿದರೆ ನೀರು ಬೇಗ ಆರದು, ಕಳೆಯೂ ಏಳದು. ಊರಿಗೆ ಹೋಗುವವರಿಗೆ ಇದು ಮುಖ್ಯವಾದ ಉಪಾಯ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಮಡಿಗೆ ಧಾರಾಳವಾಗಿ ಹಾಕಬಹುದು. ಪಾತ್ರೆ ಬಟ್ಟೆಗಳ ಸಾಬೂನಿನ ನೀರು ಸೊಪ್ಪಿಗೆ ಸಲ್ಲದು. ಅದನ್ನು ಬಾಳೆಯ ಬುಡಕ್ಕೆ ತಿರುಗಿಸಿರಿ.

ಹುಳುವೂ ರೋಗವೂ

ದಿನಕ್ಕೆ ಐದು ನಿಮಿಷ ಎಲೆಗಳ ಅಡಿಭಾಗವನ್ನು ನೋಡುವ ಕಣ್ಣೇ ಮೊದಲ ಔಷಧಿ. ಹೇನು ಕಂಡರೆ ನೀರನ್ನು ರಭಸವಾಗಿ ಚಿಮ್ಮಿಸಿ ತೊಳೆಯಿರಿ. ಅದಕ್ಕೆ ಬಗ್ಗದಿದ್ದರೆ ಒಂದು ಲೀಟರು ನೀರಿಗೆ 5 ಮಿಲಿಲೀಟರು ಬೇವಿನೆಣ್ಣೆಯನ್ನೂ ಸಾಬೂನಿನ ಕೆಲವು ಹನಿಗಳನ್ನೂ ಕದಡಿ ಸಂಜೆ ಸಿಂಪಡಿಸಿರಿ. ಬದನೆಯ ಕುಡಿ ಬಾಡಿ ಜೋತರೆ ಒಳಗೆ ಕೊರೆಯುವ ಹುಳುವಿದೆಯೆಂದು ತಿಳಿದು, ಕುಡಿಯನ್ನು ಕತ್ತರಿಸಿ ನಾಶಮಾಡಿರಿ. ಹಾಗಲದ ಎಳೆಗಾಯಿಗೆ ಕಾಗದದ ಚೀಲ ಕಟ್ಟಿದರೆ ಹಣ್ಣುನೊಣದ ಬಾಧೆಯಿಲ್ಲ.

ಬೆಂಡೆಯ ಎಲೆಯ ನರಗಳು ಹಳದಿಯಾದರೂ, ಮೆಣಸಿನ ಎಲೆ ಮುಟುರಿಕೊಂಡರೂ, ಅದಕ್ಕೆ ನಂಜುರೋಗವು ತಗಲಿರುವುದು ಸಾಮಾನ್ಯ. ಬೆಂಡೆಯ ನಂಜನ್ನು ಬಿಳಿ ನೊಣವು ಗಿಡದಿಂದ ಗಿಡಕ್ಕೆ ಹೊರುವುದು. ನಂಜು ತಗಲಿದ ಗಿಡಕ್ಕೆ ಮದ್ದಿಲ್ಲ. ಕರುಣೆಯಿಂದ ಒಂದನ್ನು ಉಳಿಸಿದರೆ ಸಾಲೆಲ್ಲ ಹೋಗುವುದು. ಕಂಡ ದಿನವೇ ಕೀಳಬೇಕು. ಅರ್ಕಾ ಅನಾಮಿಕವೆಂಬ ಬೆಂಡೆಯ ತಳಿಯನ್ನು ಈ ರೋಗವನ್ನು ತಡೆಯಲೆಂದೇ ರೂಪಿಸಿದ್ದಾರೆ. ಹೊಲಕ್ಕೆಂದು ಮಾರುವ ಘೋರ ವಿಷಗಳನ್ನು ಮನೆಯ ಮಡಿಗೆ ತರಬೇಡಿರಿ. ನಮ್ಮ ದಕ್ಷಿಣ ಕನ್ನಡದಲ್ಲಿಯೂ ನೆರೆಯ ಕಾಸರಗೋಡಿನಲ್ಲಿಯೂ ಗೇರುತೋಟಗಳಿಗೆ ಎಂಡೋಸಲ್ಫಾನನ್ನು ಸಿಂಪಡಿಸಿದ ಊರುಗಳ ಜನರು ಪಟ್ಟ ಪಾಡು ಎಲ್ಲರಿಗೂ ತಿಳಿದಿದೆ; 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ನಿಷೇಧಿಸಿತು.

ಬೀಜ

ಮೊದಲ ಬೆಳೆಯಲ್ಲಿಯೇ ಎರಡು ಉತ್ತಮವಾದ ಬೆಂಡೆಯ ಗಿಡಗಳಿಗೆ ದಾರ ಕಟ್ಟಿ, ಅವುಗಳ ಕಾಯನ್ನು ಗಿಡದಲ್ಲಿಯೇ ಒಣಗಲು ಬಿಡಿರಿ. ಬೀಜವನ್ನು ನೆರಳಿನಲ್ಲಿ ಆರಿಸಿ, ಒಣಗಿದ ಸೀಸೆಯಲ್ಲಿ ತುಂಬಿ, ಹೆಸರನ್ನೂ ತಿಂಗಳನ್ನೂ ಬರೆದಿಡಿರಿ. ಸಂಕರ ಬೀಜದಿಂದ ಬೆಳೆದ ಗಿಡದ ಬೀಜವು ತಾಯಿಯಂತೆ ಬಾರದು. ಆದುದರಿಂದ ಕೊಳ್ಳುವಾಗಲೇ ನಾಟಿ ತಳಿಯನ್ನು ಕೇಳಿರಿ. ಉಡುಪಿಯ ಮಟ್ಟುಗುಳ್ಳವೂ ಬ್ಯಾಡಗಿಯ ಮೆಣಸಿನಕಾಯಿಯೂ ಇಂದು ಭೌಗೋಳಿಕ ಗುರುತಿನ ಮನ್ನಣೆಯನ್ನು ಪಡೆದಿವೆ. ಅವುಗಳು ಇಷ್ಟು ಕಾಲ ಉಳಿದುಬಂದುದು ಪ್ರತಿ ವರ್ಷವೂ ಒಳ್ಳೆಯ ಕಾಯನ್ನು ಸಾರಿಗೆ ಹಾಕದೆ ಬೀಜಕ್ಕೆ ಬಿಟ್ಟ ಒಕ್ಕಲು ಮನೆಗಳಿಂದ. ಒಂದು ವರ್ಷ ಯಾರೂ ಬಿತ್ತದಿದ್ದ ತಳಿಯನ್ನು ಮರಳಿ ಪಡೆಯುವುದು ಕಷ್ಟ; ನಾಲ್ಕಾರು ವರ್ಷ ಬಿತ್ತದಿದ್ದರೆ ಅದು ನಿರ್ನಾಮವಾದಂತೆಯೇ ಸರಿ.

ಕೆಲಸ ಯಾರದು?

ಕೊನೆಯದಾಗಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಕೈತೋಟವು ಒಳ್ಳೆಯದೆಂದು ನಿಶ್ಚಯಿಸುವುದು ಯಜಮಾನರು, ಮಡಿಗೆ ನೀರು ಹೊರುವುದು ಗೃಹಿಣಿ ಎಂದಾದರೆ ಆ ತೋಟವು ಉಳಿಯದು. ಉಳಿದರೂ ಅದು ಆಕೆಗೆ ಇನ್ನೊಂದು ಹೊರೆಯೇ ಹೊರತು ಉಪಕಾರವಲ್ಲ. ಅಗೆತ, ಗೊಬ್ಬರ, ನೀರು ಇವು ಗಂಡಸರ ಪಾಲಿಗೆ ಬರಲಿ. ಕಳೆ ಕೀಳುವುದು, ಹುಳು ನೋಡುವುದು, ದಿನಚರಿ ಬರೆಯುವುದು ಮಕ್ಕಳಿಗೆ ಇರಲಿ. ಹೆಣ್ಣು ಗಂಡು ಹೂಗಳ ಭೇದವನ್ನು ಹಾಗಲದ ಬಳ್ಳಿಯಲ್ಲಿ ಕಂಡ ಹುಡುಗನು ಪಾಠದ ಪುಸ್ತಕದಲ್ಲಿ ಅದನ್ನು ಮರೆಯಲಾರನು. 1943ರಲ್ಲಿ ಬಂಗಾಳವು ಕ್ಷಾಮದಿಂದ ತತ್ತರಿಸಿದಾಗ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳವಳಿಯನ್ನು ಸರ್ಕಾರವು ದೇಶದಲ್ಲಿ ನಡೆಸಿತು. ಇಂದು ಅಂತಹ ಕರೆಗಾಗಿ ಕಾಯಬೇಕಾಗಿಲ್ಲ. ಒಂದು ಮನೆಯವರು ಕೂಡಿ ನಿಶ್ಚಯಿಸಿದರೆ ಸಾಕು.

ಈ ವಾರ ಸ್ಥಳವನ್ನು ನೋಡಿ ಅಗೆಯಿರಿ. ಮುಂದಿನ ವಾರ ಮೆಂತ್ಯವನ್ನು ಬಿತ್ತಿರಿ. ಐದನೆಯ ವಾರ ಮೊದಲ ಸೊಪ್ಪನ್ನು ಕೊಯ್ದು, ಆ ಜಾಗದಲ್ಲಿ ಬೆಂಡೆಯನ್ನು ಊರಿರಿ. ನೂರನೆಯ ದಿನಕ್ಕೆ ಬೆಂಡೆಯ ಕಾಯಿ ಅಡಿಗೆಮನೆಯಲ್ಲಿಯೂ ಅದರ ಬೀಜ ಗಿಡದಲ್ಲಿಯೂ ಇರುವುದು. ಮೊದಲು ಕೊಯ್ದ ಸೊಪ್ಪಿನ ಪಲ್ಯವನ್ನು ಆ ದಿನ ಗೃಹಿಣಿಯ ಎಲೆಗೆ ಮೊದಲು ಬಡಿಸಿರಿ. ಚಪ್ಪರದ ಬಳ್ಳಿಗಳ ವಿಷಯವನ್ನು ಮುಂದಿನ ಸಂಚಿಕೆಯಲ್ಲಿ ವಿವರವಾಗಿ ಬರೆಯುವೆವು.